ದೆವ್ವಕ್ಕೆ ಜಾಮೀನು ಕೊಡೋ ಸಿನಿಮಾಗಳು

ಅಗ್ಗದ ಸಿನಿಮಾ ಅನ್ನೋದು ನಮ್ಮಲ್ಲಿ ಬೈಗುಳ. ಉಪೇಂದ್ರ ಅವರ ‘ಶ್!’ (1993) ಮಾತು ಬಂದಾಗ ಈ ಬೈಗುಳವೂ ಹಿಂದೆಯೇ ಬರ್ತದ. ‘ಓಂ’, ‘ಎ’ ಮಾಡೋ ಮುಂಚೆ ಕೈ ಪಳಗಿಸಿಕೊಂಡ ಸಿನಿಮಾ, ಅಷ್ಟೇ ಅಂತಾರೆ ತಿಳಿದವರು. ನಾನು ಒಪ್ಪಲ್ಲ.

ದೆವ್ವದ ಸುದ್ದಿ ಇರೋ ಜಾಗಕ್ಕೆ ಶೂಟಿಂಗ್ ತಂಡ ಹೋಗ್ತದ, ಹೆಣ ಬೀಳ್ತಾವ. ಕುಮಾರ್ ಗೋವಿಂದ್ ಇದ್ದಾರೆ, ಕಾಶಿನಾಥ್ ಇದ್ದಾರೆ, ಸಾಧು ಕೋಕಿಲ ಮೊದಲ ಸಲ ಸಂಗೀತ ಕೊಟ್ಟಿದ್ದಾರೆ. ದೊಡ್ಡ ಸೆಟ್ಟು, ದೊಡ್ಡ ಸ್ಟಾರು ಯಾವುದೂ ಇಲ್ಲ. ಆದರೆ ಚಮತ್ಕಾರ ನೋಡ್ರಿ: ಬಣ್ಣ ಬಳಿದು, ಲೈಟು ಬಿಟ್ಟು ಭಯ ತಯಾರಿಸೋದೇ ಕಸುಬಾದವರು ಭಯಕ್ಕೆ ನಡುಗ್ತಾರೆ. ಕಿರುಚಿದ್ದು ಶೂಟಿಂಗಿಗೋ ಖರೇನೋ? ನಗ್ತಾ ನಗ್ತಾ ನಮಗೂ ಅನುಮಾನದ ಚಟ ಹತ್ತತದ. ಕೊಲೆಗಾರ ಯಾರು ಅಂತ ಹೇಳಂಗಿಲ್ಲ, ನೋಡದವರು ಇನ್ನೂ ಅದಾರ.

ಅದೇ 1993ರಲ್ಲಿ ಮಲಯಾಳದಲ್ಲಿ ‘ಮಣಿಚಿತ್ರತಾಳ್’ ಬಂತು, 2004ರಲ್ಲಿ ನಮ್ಮ ‘ಆಪ್ತಮಿತ್ರ’ ಆಯ್ತು. ಒಳ್ಳೆ ಸಿನಿಮಾ, ಇಲ್ಲ ಅನ್ನಲ್ಲ. ಆದರೆ ಮನೋವೈದ್ಯನೇ ಎದುರಿಗಿದ್ದರೂ ಆಚಾರ್ಯರನ್ನ ಕರೆಸದೆ ಕತೆ ಮುಗಿಯಲಿಲ್ಲ. ಆಮೇಲೆ ಬಂದ ಹಾರರ್ ಕಾಮಿಡಿಗಳಂತೂ ಡಾಕ್ಟರನ್ನೂ ಮನೆಗೆ ಕಳಿಸಿಬಿಟ್ಟವು. ದೆವ್ವ ಖರೇ, ಮಂತ್ರವಾದಿ ಖರೇ, ಅನುಮಾನ ಪಟ್ಟವನೇ ಜೋಕರ್. ಮೂಢನಂಬಿಕೆಗೆ ಪ್ರೋತ್ಸಾಹ ಕೊಡಲ್ಲ ಅಂತ ಮೊದಲಿಗೆ ಒಂದು ಚೀಟಿ ತೋರಿಸಿ, ಎರಡು ತಾಸು ಅದನ್ನೇ ಮಾಡ್ತಾರೆ.

ಬೆಂಗಳೂರಲ್ಲಿ ಕೂತವರಿಗೆ ಇದು ಟೈಂಪಾಸ್ ಇರಬಹುದು. ನಮ್ಮ ಮಾನ್ವಿ, ದೇವದುರ್ಗ, ಆ ಕಡೆ ಯಾದಗಿರಿ, ಕಲಬುರಗಿಯಲ್ಲಿ ಭಾನಾಮತಿ ಅನ್ನೋ ಮಾತು ಇನ್ನೂ ಸತ್ತಿಲ್ಲ. ಹೆಣ್ಣುಮಗಳು ಖಬರಿಲ್ಲದೆ ಬಿದ್ದರೆ ‘ಯಾರೋ ಮಾಡಿಸ್ಯಾರ’ ಅಂತಾರ. ಆ ‘ಯಾರೋ’ ಯಾರು ಅಂತ ಹುಡುಕೋವಾಗ ಬೆರಳು ಹೋಗೋದು ಊರ ಗೌಡರ ಕಡೆಗಲ್ಲ, ಓಣಿಯ ಕೊನೆಮನೆಯ ಒಂಟಿ ಮುದುಕಿ ಕಡೆಗೆ. ಇದೂ ಪತ್ತೇದಾರಿನೇ, ಸಾಕ್ಷಿ ಕೇಳದ ಪತ್ತೇದಾರಿ. ಮೌಢ್ಯದ ವಿರುದ್ಧ 2017ರಲ್ಲಿ ಕಾಯ್ದೆ ಪಾಸಾಗಿ 2020ರಲ್ಲಿ ಜಾರಿಗೂ ಬಂತು. ಪೊಲೀಸರು ಕಾಯ್ದೆ ಹಿಡಿದು ಬರೋದು ಹೊಡೆತ ಬಿದ್ದಮೇಲೆ. ಸಿನಿಮಾ ಅದಕ್ಕಿಂತ ಮುಂಚೆನೇ ಮನೆ ಹೊಕ್ಕಿರ್ತದ.

‘ಜನ ಇದನ್ನೇ ಕೇಳ್ತಾರೆ’ ಅಂತಾರೆ ನಿರ್ಮಾಪಕರು. ಜನ ಪತ್ತೇದಾರಿಯನ್ನೂ ಕೇಳಿದವರೇ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನ ಓದಿ ಓದಿ ಪುಟ ಹರಿದವರು ಯಾರು? 2019ರಲ್ಲಿ ‘ಬೆಲ್ ಬಾಟಂ’ನ ಡಿಟೆಕ್ಟಿವ್ ದಿವಾಕರನ ಜೊತೆ ಎಂಬತ್ತರ ದಶಕಕ್ಕೆ ಹೋಗಿ ನಕ್ಕು ಬಂದವರು ಯಾರು? ಅಲ್ಲಿ ಬೀಗ ಹಾಕಿದ ಪೊಲೀಸ್ ಠಾಣೆಯಿಂದಲೇ ಮಾಲು ಮಾಯ ಆಗ್ತದ, ಆದರೂ ಯಾರೂ ನಿಂಬೆಹಣ್ಣು ಕುಯ್ಯೋದರಿಂದ ಕಳ್ಳ ಸಿಗಲ್ಲ.

ಬಜೆಟ್ ಸಾಲ್ದು ಅನ್ನೋರು ಉಪೇಂದ್ರರ ಗುರುವನ್ನ ನೋಡಲಿ. ಕಾಶಿನಾಥ್ 1978ರಲ್ಲಿ ಸುರೇಶ್ ಹೆಬ್ಳೀಕರ್, ಶೋಭಾ ಅವರನ್ನಿಟ್ಟುಕೊಂಡು ‘ಅಪರಿಚಿತ’ ಮಾಡಿದರು. ಮೂರೇ ವರ್ಷಕ್ಕೆ ಅದು ‘ಬೇಷಕ್’ ಅಂತ ಹಿಂದಿಗೆ ಹೋಯ್ತು, ಮಂತ್ರವಾದಿಯನ್ನ ಜೊತೆಗೆ ಕರಕೊಂಡು ಹೋಗಲಿಲ್ಲ.