ಹೊರದೇಶದ ಹಾವು ಸಾಕಣೆ: ಜೀವದಯೆಯ ಮುಂದಿರುವ ಹೊಸ ಪ್ರಶ್ನೆ

ಕೊಳ್ಳೇಗಾಲ: ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಹಾವಿನ ಮಾರಾಟ ಎಂದರೆ ಜನರಿಗೆ ಮೊದಲು ನೆನಪಾಗುವುದು ಎರಡು ತಲೆ ಹಾವು. ಮಣ್ಣುಮುಕ್ಕ ಎಂದೂ ಕರೆಯುವ ಈ ಹಾವಿಗೆ ವಿಷವಿಲ್ಲ. ಎರಡನೆಯ ತಲೆಯೂ ಇಲ್ಲ, ಮೊಂಡು ಬಾಲ ಹಾಗೆ ಕಾಣುತ್ತದೆ ಅಷ್ಟೇ. ಮನೆಯಲ್ಲಿಟ್ಟರೆ ಐಶ್ವರ್ಯ ಬರುತ್ತದೆ, ನಿಧಿ ಸಿಗುತ್ತದೆ ಎಂದು ನಂಬಿಸಿ, ತೂಕ ನೋಡಿ ಲಕ್ಷಗಟ್ಟಲೆ ಬೆಲೆ ಹೇಳಿದವರು ಚಾಮರಾಜನಗರ ಜಿಲ್ಲೆಯೂ ಸೇರಿದಂತೆ ರಾಜ್ಯದ ಹಲವೆಡೆ ಸಿಕ್ಕಿಬಿದ್ದಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇದನ್ನು ಹಿಡಿಯುವುದೂ ಮಾರುವುದೂ ಅಪರಾಧ. ಇದರಲ್ಲಿ ಚರ್ಚೆಗೆ ಆಸ್ಪದವಿಲ್ಲ.

ಚರ್ಚೆ ನಡೆದಿರುವುದು ಹೊರದೇಶದ ಹಾವುಗಳ ಬಗ್ಗೆ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ, ಬ್ಯಾಂಕಾಕ್‌ನಿಂದ ಬಂದ ವಾರಸುದಾರರಿಲ್ಲದ ಸಾಮಾನಿನಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ ಮತ್ತು 6 ಕಪುಚಿನ್ ಕೋತಿಗಳು ಪತ್ತೆಯಾದವು. ಹಾವುಗಳು ಬದುಕಿದ್ದವು, ಕೋತಿಗಳು ಸತ್ತಿದ್ದವು. ಬಾಲ್ ಪೈಥಾನ್ ಆಫ್ರಿಕಾದ ಹೆಬ್ಬಾವು. ಬಣ್ಣ ಬಣ್ಣದ ತಳಿಗಳಿಗೆ ನಗರಗಳಲ್ಲಿ ಗಿರಾಕಿಗಳಿದ್ದಾರೆ.

2023ರ ಏಪ್ರಿಲ್ 1ರಂದು ಜಾರಿಗೆ ಬಂದ ತಿದ್ದುಪಡಿ ಕಾಯ್ದೆಯು ಅಂತಾರಾಷ್ಟ್ರೀಯ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳನ್ನು ನಾಲ್ಕನೆಯ ಅನುಸೂಚಿಗೆ ಸೇರಿಸಿದೆ. ಅವುಗಳನ್ನು ಇಟ್ಟುಕೊಂಡವರು ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಿಕೊಳ್ಳಬೇಕೆಂಬ ನಿಯಮ 2024ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ನೋಂದಣಿಯಿಂದ ಕಳ್ಳದಂಧೆ ಬಯಲಿಗೆ ಬರುತ್ತದೆ, ಸಾಕಣೆಯಲ್ಲೇ ಹುಟ್ಟಿದ ಹಾವಿನಿಂದ ಕಾಡಿಗೆ ನಷ್ಟವಿಲ್ಲ ಎಂಬುದು ಸಾಕುವವರ ವಾದ. ಮೊದಲ ಮಾತು ಒಪ್ಪತಕ್ಕದ್ದೇ. ಎರಡನೆಯದು ಹಾವು ಗೂಡಿನೊಳಗೆ ಇರುವವರೆಗೆ ಮಾತ್ರ ನಿಜ.

ಸ್ಪೇನ್‌ಗೆ ಸೇರಿದ ಗ್ರಾನ್ ಕನಾರಿಯಾ ದ್ವೀಪದಲ್ಲಿ ಸಾಕಿದವರ ಕೈತಪ್ಪಿದ ಕ್ಯಾಲಿಫೋರ್ನಿಯಾದ ಕಿಂಗ್ ಸ್ನೇಕ್ ಹಬ್ಬಿ, ಅಲ್ಲಿನ ದೊಡ್ಡ ಹಲ್ಲಿಗಳು ಹಲವು ಕಡೆ ಕಾಣದಾಗಿವೆ. ಅಮೆರಿಕದ ಫ್ಲೋರಿಡಾದ ಜೌಗುನಾಡಿನಲ್ಲಿ ಬರ್ಮಾ ಹೆಬ್ಬಾವು ನೆಲೆಯೂರಿದ ಮೇಲೆ ರಕೂನ್‌ಗಳು ಕಣ್ಣಿಗೆ ಬೀಳುವುದು ಶೇ. 99ರಷ್ಟು ಇಳಿದಿದೆ ಎಂದು 2012ರ ಅಧ್ಯಯನ ಹೇಳಿತು. ಅಲ್ಲಿ ಈಗ ಆ ಹೆಬ್ಬಾವುಗಳನ್ನು ಕೊಲ್ಲಲು ಪ್ರತಿವರ್ಷ ಬಹುಮಾನದ ಸ್ಪರ್ಧೆ ನಡೆಯುತ್ತದೆ. ಸಾಕಿ ಬಿಟ್ಟವರ ಪಾಪ ಹಾವಿನ ತಲೆಗೆ ಬಂದಿದೆ.

ಬಿಳಿಗಿರಿರಂಗನ ಬೆಟ್ಟದಲ್ಲಾಗಲಿ ಮಲೆ ಮಹದೇಶ್ವರ ಬೆಟ್ಟದಲ್ಲಾಗಲಿ ಹೊರದೇಶದ ಹಾವು ನೆಲೆನಿಂತ ವರದಿ ಇಲ್ಲ. ಆದರೆ ಹೊರಗಿನದು ಬಂದು ಹಬ್ಬಿದರೆ ಏನಾಗುತ್ತದೆ ಎಂಬುದು ಇಲ್ಲಿನ ಸೋಲಿಗರಿಗೆ ಗೊತ್ತು. ಬ್ರಿಟಿಷರ ಕಾಲದಲ್ಲಿ ಹೂವಿನ ಅಂದಕ್ಕೆಂದು ದೇಶಕ್ಕೆ ತಂದ ಲಂಟಾನ ಇಂದು ಈ ಎರಡೂ ಕಾಡುಗಳನ್ನು ಮುತ್ತಿಕೊಂಡಿದೆ. ಅದರ ಕಡ್ಡಿಯಿಂದ ಕುರ್ಚಿ, ಬುಟ್ಟಿ ಹೆಣೆದರೂ ಗಿಡ ಮುಗಿಯುತ್ತಿಲ್ಲ.

ಜೈನ ಕುಟುಂಬಗಳಿಗೆ ಈ ವಿಷಯ ದೂರದ್ದಲ್ಲ. ಇದೇ ಜಿಲ್ಲೆಯ ಕನಕಗಿರಿಯಲ್ಲಿ ಪೂಜೆಗೊಳ್ಳುವ ಭಗವಾನ್ ಪಾರ್ಶ್ವನಾಥ ತೀರ್ಥಂಕರರ ಲಾಂಛನವೇ ಸರ್ಪ. ಉರಿಯುವ ಕೊರಡಿನೊಳಗಿದ್ದ ನಾಗಯುಗ್ಮದ ಕಥೆ ಮಕ್ಕಳಿಗೂ ಗೊತ್ತು. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಬಂಧವನ್ನು ಮೊದಲು ಹೇಳುತ್ತದೆ, ಅನ್ನಪಾನನಿರೋಧವನ್ನು ಕೊನೆಗೆ. ಗಾಜಿನ ಪೆಟ್ಟಿಗೆಯಲ್ಲಿ ಹಾವನ್ನು ಇಡುವುದು ಬಂಧ. ಅದಕ್ಕೆ ಇಲಿ ಕೊಡದಿದ್ದರೆ ಅನ್ನಪಾನನಿರೋಧ, ಕೊಟ್ಟರೆ ಇಲಿಯ ಹಿಂಸೆ. ಹಾಲೆರೆದು ಹಾವನ್ನು ಸಾಕಲು ಬರುವುದಿಲ್ಲ, ಅದು ಹಾವಿನ ಆಹಾರವೇ ಅಲ್ಲ. ಶ್ರಾವಕರ ಮನೆಯಲ್ಲಿ ಹಾವು ಸಾಕಣೆಗೆ ದಾರಿ ಇಲ್ಲವೆಂದೇ ಹೇಳಬೇಕು.

ಇದಕ್ಕಿಂತ ಸೂಕ್ಷ್ಮವಾದದ್ದು ಬಿಡುಗಡೆಯ ಪ್ರಶ್ನೆ. ಪರ್ಯೂಷಣ, ಮಹಾವೀರ ಜಯಂತಿಯ ಸಂದರ್ಭದಲ್ಲಿ ಮಾರುಕಟ್ಟೆಯಿಂದ ಪ್ರಾಣಿಪಕ್ಷಿಗಳನ್ನು ಕೊಂಡು ಬಿಡಿಸುವ ಪದ್ಧತಿ ಹಲವೆಡೆ ಇದೆ. ಬಾಲ್ ಪೈಥಾನ್‌ನಂಥ ಜೀವಿಯನ್ನು ಹಣ ಕೊಟ್ಟು ಬಿಡಿಸಿದರೆ ವ್ಯಾಪಾರಿಗೆ ಮತ್ತೊಂದನ್ನು ತರಿಸಲು ಬಂಡವಾಳ ಸಿಕ್ಕಂತೆ. ಬೆಟ್ಟದ ತಪ್ಪಲಲ್ಲಿ ಬಿಟ್ಟರೆ ಅದು ಆಹಾರ ಸಿಗದೆ ಸಾಯಬಹುದು, ಇಲ್ಲವೇ ಇಲ್ಲಿನ ಹಾವುಗಳಿಗೆ ರೋಗ ಅಂಟಿಸಬಹುದು. ಅಂಥ ಹಾವು ಕಂಡರೆ ಕೊಳ್ಳದೆ, ಬಿಡದೆ, ವಲಯ ಅರಣ್ಯಾಧಿಕಾರಿಗೆ ತಿಳಿಸುವುದೊಂದೇ ಸರಿಯಾದ ಕ್ರಮ.

ವಶಪಡಿಸಿಕೊಂಡ ಹಾವುಗಳ ಗತಿ ಮಾತ್ರ ಇನ್ನೂ ಬಗೆಹರಿದಿಲ್ಲ. ತವರು ದೇಶ ವಾಪಸು ಪಡೆಯದಿದ್ದರೆ ಅವು ಬಾಲ್ ಪೈಥಾನ್‌ನಂತೆ ಇಪ್ಪತ್ತು, ಮೂವತ್ತು ವರ್ಷ ಬದುಕುವ ಜೀವಿಗಳಾಗಿದ್ದರೂ ಅಷ್ಟೂ ಕಾಲ ಯಾವುದೋ ಪ್ರಾಣಿಸಂಗ್ರಹಾಲಯದಲ್ಲಿ ಇಲಿ ತಿಂದುಕೊಂಡೇ ಇರಬೇಕು. ಗೋಶಾಲೆ, ಪಾಂಜರಪೋಳಗಳನ್ನು ನಡೆಸುತ್ತಿರುವ ಸಮಾಜದ ಬಳಿಯೂ ಇದಕ್ಕೆ ಸಿದ್ಧ ಉತ್ತರವಿಲ್ಲ.