ಮೆಗಾವ್ಯಾಟ್ ಎಣಿಸಿದ್ದಾಯಿತು, ರಿಲೇಗಳತ್ತಲೂ ನೋಡಿ

2016ರ ಆಗಸ್ಟ್ 16. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಕಾಡ್ಗಿಚ್ಚು ಎದ್ದಿತ್ತು. ದಟ್ಟ ಹೊಗೆ 500 ಕಿಲೋವೋಲ್ಟ್ ತಂತಿಗಳನ್ನು ಕವಿದು ಶಾರ್ಟ್ ಸರ್ಕ್ಯೂಟ್ ಆಯಿತು. ದೋಷ ಗುರುತಿಸುವ ಸಾಧನಗಳಾದ ರಿಲೇಗಳು ಸೆಕೆಂಡಿನ ಇಪ್ಪತ್ತನೇ ಒಂದು ಭಾಗಕ್ಕೂ ಮೊದಲೇ ಆ ಮಾರ್ಗವನ್ನು ಕಡಿದು ಹಾಕಿದವು. ಅಲ್ಲಿಗೆ ವಿಷಯ ಮುಗಿಯಬೇಕಿತ್ತು, ಮುಗಿಯಲಿಲ್ಲ. ಬೆಂಕಿಯ ಬಿಸಿಯೂ ತಾಗದಷ್ಟು ದೂರದ ಸೌರ ಸ್ಥಾವರಗಳಿಂದ ಸುಮಾರು 1,200 ಮೆಗಾವ್ಯಾಟ್ ವಿದ್ಯುತ್ ಒಮ್ಮೆಗೇ ನಿಂತುಹೋಯಿತು. ತಂತಿಯಲ್ಲಿ ಕ್ಷಣಮಾತ್ರ ಎದ್ದ ಏರುಪೇರನ್ನು, ಫಲಕಗಳ ವಿದ್ಯುತ್ತನ್ನು ಜಾಲಕ್ಕೆ ಹೊಂದುವಂತೆ ಬದಲಿಸುವ ಅನೇಕ ಇನ್ವರ್ಟರ್‌ಗಳು ಫ್ರೀಕ್ವೆನ್ಸಿಯ ಕುಸಿತವೆಂದು ತಪ್ಪಾಗಿ ಓದಿಕೊಂಡಿದ್ದವು, ಇನ್ನು ಕೆಲವು ವೋಲ್ಟೇಜ್ ಇಳಿದದ್ದಕ್ಕೆ ವಿದ್ಯುತ್ ಕೊಡುವುದನ್ನು ನಿಲ್ಲಿಸಿದ್ದವು. ಅಲ್ಲಿನ ವಿದ್ಯುತ್ ಜಾಲದ ಸುರಕ್ಷತಾ ಸಂಸ್ಥೆ ನೆರ್ಕ್ ಇದೆಲ್ಲವನ್ನೂ ತನಿಖೆ ಮಾಡಿ ಜಗತ್ತಿನ ಮುಂದಿಟ್ಟಿತು.

ಈ ಕಥೆ ಕರ್ನಾಟಕಕ್ಕೆ ದೂರದ್ದಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ನಿಂತಿದೆ. ಚಿತ್ರದುರ್ಗದ ಗುಡ್ಡಗಳಲ್ಲಿ, ಗದಗದ ಬಯಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿವೆ. ಮಳೆ ಕೈಕೊಟ್ಟ ಸೀಮೆಗೆ ಬಿಸಿಲೇ ಬೆಳೆಯಾದದ್ದು ಹೆಮ್ಮೆಯ ಸಂಗತಿ. ಆದರೆ ಸಭೆ, ಭಾಷಣಗಳಲ್ಲಿ ಕೇಳಿಬರುವುದು ಮೆಗಾವ್ಯಾಟ್, ಸಬ್ಸಿಡಿ, ಯೂನಿಟ್ ದರ. ಈ ವಿದ್ಯುತ್ತನ್ನು ಹೊರುವ ಜಾಲವನ್ನು ಕಾಯುವವರು ಯಾರು, ಹೇಗೆ ಎಂಬ ಪ್ರಶ್ನೆ ಎಂಜಿನಿಯರುಗಳ ಕೋಣೆ ದಾಟಿ ಹೊರಗೆ ಬರುವುದೇ ಅಪರೂಪ.

ಜಾಲದ ಕಾವಲು ರಿಲೇ ಮತ್ತು ಅದರ ಆಜ್ಞೆಗೆ ಮಾರ್ಗ ಕಡಿಯುವ ಬ್ರೇಕರ್‌ಗಳದ್ದು. ರಾಯಚೂರಿನ ಉಷ್ಣ ಸ್ಥಾವರದಲ್ಲೋ ಶರಾವತಿಯಲ್ಲೋ ತಿರುಗುವ ಜನರೇಟರ್ ನೂರಾರು ಟನ್ ಭಾರದ ಯಂತ್ರ. ಹತ್ತಿರದ ತಂತಿ ಕಡಿದು ನೆಲ ಮುಟ್ಟಿದರೆ ಅದು ತನ್ನ ಸಾಮಾನ್ಯ ಪ್ರಮಾಣದ ಐದಾರು ಪಟ್ಟು ಕರೆಂಟನ್ನು ಆ ಕ್ಷಣಕ್ಕೆ ನುಗ್ಗಿಸುತ್ತದೆ. ಆ ಭಾರೀ ಪ್ರವಾಹವೇ ರಿಲೇಗೆ ಸಿಗುವ ಸುಳಿವು. ಇನ್ವರ್ಟರ್‌ನ ಸ್ವಭಾವ ಬೇರೆ. ಅದರೊಳಗಿನ ಅರೆವಾಹಕ ಬಿಡಿಭಾಗಗಳು ಹೆಚ್ಚಿನ ಕರೆಂಟಿಗೆ ಸುಟ್ಟುಹೋಗುತ್ತವೆ. ಹಾಗಾಗಿ ಫಾಲ್ಟ್ ಆದಾಗಲೂ ಅದು ಸಾಮಾನ್ಯದ ಒಂದೂಕಾಲು ಪಟ್ಟು, ಹೆಚ್ಚೆಂದರೆ ಒಂದೂವರೆ ಪಟ್ಟು ಮಾತ್ರ ಕೊಡುತ್ತದೆ. ಗದ್ದಲಕ್ಕೆ ಮಾತ್ರ ಏಳುವಂತೆ ಪಳಗಿಸಿದ ಕಾವಲುನಾಯಿ ಪಿಸುಮಾತಿಗೆ ಕಿವಿ ನಿಮಿರಿಸುವುದಿಲ್ಲ. ಹಳೆಯ ಸೆಟ್ಟಿಂಗ್‌ನ ರಿಲೇ ಕೂಡ ಹಾಗೆಯೇ ಸುಮ್ಮನಿರಬಹುದು, ಇಲ್ಲವೇ ತಪ್ಪು ಕಡೆ ಕಡಿಯಬಹುದು.

ಹಳ್ಳಿಯ 11 ಕೆ.ವಿ. ಫೀಡರ್‌ನಲ್ಲಿ ಈ ತೊಡಕು ಇನ್ನೂ ಸೂಕ್ಷ್ಮ. ಮೊದಲು ಕರೆಂಟು ಸಬ್‌ಸ್ಟೇಷನ್‌ನಿಂದ ಟ್ರಾನ್ಸ್‌ಫಾರ್ಮರ್‌ಗೆ, ಅಲ್ಲಿಂದ ಪಂಪ್‌ಸೆಟ್‌ಗೆ ಒಂದೇ ದಿಕ್ಕಿನಲ್ಲಿ ಹರಿಯುತ್ತಿತ್ತು. ಈಗ ರೈತರಿಗಾಗಿ ಇರುವ ಕುಸುಮ್ ಯೋಜನೆಯ ಸೌರ ಘಟಕವೊಂದು ಫೀಡರ್‌ನ ನಡುವೆ ಸೇರಿಕೊಂಡಿತೆನ್ನಿ. ತುದಿಯಲ್ಲಿ ತಂತಿ ಬಿದ್ದಾಗ ಸ್ವಲ್ಪ ಕರೆಂಟು ಆ ಘಟಕದಿಂದಲೂ ಬರುವುದರಿಂದ ಸಬ್‌ಸ್ಟೇಷನ್ ಕಡೆಯ ಪಾಲು ತಗ್ಗುತ್ತದೆ, ಅಲ್ಲಿ ಕುಳಿತ ರಿಲೇಗೆ ಫಾಲ್ಟ್ ಚಿಕ್ಕದಾಗಿ ಕಾಣುತ್ತದೆ. ಪಕ್ಕದ ಫೀಡರ್‌ನಲ್ಲಿ ಫಾಲ್ಟ್ ಆದರೆ ಇಲ್ಲಿಂದ ಕರೆಂಟು ಹಿಮ್ಮುಖವಾಗಿ ಹರಿದು, ಏನೂ ಆಗದ ಲೈನು ಟ್ರಿಪ್ ಆದೀತು.

ಎಲ್ಲಕ್ಕಿಂತ ಕಳವಳ ಹುಟ್ಟಿಸುವುದು ಕಂಬ ಹತ್ತುವ ಲೈನ್‌ಮ್ಯಾನ್‌ನ ಸ್ಥಿತಿ. ಮಾರ್ಗ ನಿಲ್ಲಿಸಿದ್ದೇವೆಂಬ ಅನುಮತಿ, ಅಂದರೆ ಲೈನ್ ಕ್ಲಿಯರ್, ಪಡೆದು ಆತ ಮೇಲೇರುತ್ತಾನೆ. ಸಬ್‌ಸ್ಟೇಷನ್‌ನಲ್ಲಿ ಬ್ರೇಕರ್ ತೆರೆದಿದೆ, ಆದರೆ ಊರಿನ ಛಾವಣಿಗಳ ಸೌರ ಫಲಕಗಳ ಮೇಲೆ ಬಿಸಿಲು ಕಾಯುತ್ತಲೇ ಇದೆ. ಮೇನ್ ಲೈನ್ ನಿಂತೊಡನೆ ಇನ್ವರ್ಟರ್ ತಾನೂ ನಿಲ್ಲಬೇಕೆಂಬ ನಿಯಮವಿದೆ. ಛಾವಣಿಗೆ ಸೌರ ಫಲಕ ಹಾಕಿಸುವ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯ ಗುರಿ ಒಂದು ಕೋಟಿ ಮನೆ. ಅಷ್ಟೂ ಮನೆಗಳ ಇನ್ವರ್ಟರ್ ಪೆಟ್ಟಿಗೆಗಳು ವರ್ಷಾನುಗಟ್ಟಲೆ ಆ ನಿಯಮ ಪಾಲಿಸುತ್ತವೆಂಬ ನಂಬಿಕೆಯ ಮೇಲೆ ಒಬ್ಬನ ಜೀವವನ್ನು ಇಡಲಾಗದು. ತಂತಿಯಲ್ಲಿ ವಿದ್ಯುತ್ ಇಲ್ಲವೆಂದು ಪರೀಕ್ಷಿಸಿ, ಎರಡೂ ಕಡೆ ಅರ್ತಿಂಗ್ ಹಾಕಿಯೇ ಕೆಲಸ ಹಿಡಿಯುವ ಅಭ್ಯಾಸ ಹಿಂದೆಂದಿಗಿಂತ ಈಗ ಮುಖ್ಯ.

ಇಲ್ಲೊಂದು ಇಕ್ಕಟ್ಟೂ ಇದೆ. ಚಿಕ್ಕ ಘಟಕ ಬೇಗ ನಿಲ್ಲಬೇಕು, ದೊಡ್ಡ ಸ್ಥಾವರ ಏರುಪೇರಿಗೆ ಜಗ್ಗದೆ ಚಾಲೂ ಇರಬೇಕು. ಬ್ರಿಟನ್ನಿನಲ್ಲಿ 2019ರ ಆಗಸ್ಟ್ 9ರಂದು ಸಿಡಿಲೊಂದು ಲೈನಿಗೆ ಬಡಿದಾಗ, ಸುರಕ್ಷತೆಗೆಂದೇ ಇಟ್ಟಿದ್ದ ಸೂಕ್ಷ್ಮ ಸೆಟ್ಟಿಂಗ್‌ಗಳಿಂದ ಊರೂರಿನ ಚಿಕ್ಕ ಘಟಕಗಳು ಟ್ರಿಪ್ ಆದವು. ಸಮುದ್ರದಲ್ಲಿನ ಹಾರ್ನ್‌ಸೀ ಪವನ ಸ್ಥಾವರ ಮತ್ತು ಒಂದು ಅನಿಲ ಸ್ಥಾವರ ಅದೇ ಹೊತ್ತಿಗೆ ಕೈಕೊಟ್ಟವು. ಹತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕತ್ತಲು.

ಹಾಗೆಂದು ಬಿಸಿಲು, ಗಾಳಿಗಳನ್ನು ದೂರುವುದು ಸರಿಯಲ್ಲ. 2016ರ ಸೆಪ್ಟೆಂಬರ್ 28ರಂದು ಬಿರುಗಾಳಿ ದಕ್ಷಿಣ ಆಸ್ಟ್ರೇಲಿಯಾದ ವಿದ್ಯುತ್ ಗೋಪುರಗಳನ್ನು ಉರುಳಿಸಿ ಇಡೀ ರಾಜ್ಯ ಕತ್ತಲಾದಾಗ ಅಲ್ಲಿ ಗಾಳಿಯಂತ್ರಗಳನ್ನೇ ಬೈದವರಿದ್ದರು. ತನಿಖೆಯಲ್ಲಿ ಹೊರಬಿದ್ದದ್ದು ಬೇರೆ. ಕೆಲವು ನಿಮಿಷಗಳಲ್ಲಿ ಇಷ್ಟು ಬಾರಿ ವೋಲ್ಟೇಜ್ ಕುಸಿದರೆ ಹಿಂದೆ ಸರಿ ಎಂಬ ಸೆಟ್ಟಿಂಗ್ ಯಂತ್ರಗಳಲ್ಲಿತ್ತು, ಜಾಲ ನಡೆಸುವವರಿಗೆ ಅದು ಗೊತ್ತೇ ಇರಲಿಲ್ಲ. ಸೆಟ್ಟಿಂಗ್ ಬದಲಾಯಿತು. ಜಾಲಕ್ಕೆ ಬಲ ತುಂಬಲು 2021ರಲ್ಲಿ ನಾಲ್ಕು ಸಿಂಕ್ರೊನಸ್ ಕಂಡೆನ್ಸರ್‌ಗಳೂ, ಅಂದರೆ ಜನರೇಟರ್‌ನಂತೆ ತಿರುಗುತ್ತ ಜಾಲವನ್ನು ಸ್ಥಿರವಾಗಿಡುವ ಯಂತ್ರಗಳೂ, ಬಂದವು. ಭಾರತದಲ್ಲಿ 2012ರ ಜುಲೈ ಕೊನೆಯ ಮಹಾ ಬ್ಲ್ಯಾಕೌಟ್‌ಗೆ ನಾಂದಿಯಾದದ್ದು ಸೌರ ಫಲಕವಲ್ಲ, ಬಿನಾ-ಗ್ವಾಲಿಯರ್ ಮಾರ್ಗದ ಮೇಲಿನ ಅತಿಭಾರವನ್ನು ಫಾಲ್ಟ್ ಎಂದು ಓದಿದ ರಿಲೇ. ದಕ್ಷಿಣದ ಜಾಲ ಆಗ ಬೇರೆಯಾಗಿದ್ದರಿಂದ ಕರ್ನಾಟಕ ಪಾರಾಯಿತು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ 765 ಕೆ.ವಿ. ಮಾರ್ಗ ಚಾಲೂ ಆದ ಮೇಲೆ ಆ ಅಂತರ ಉಳಿದಿಲ್ಲ.

ನಿಯಮ ಇಲ್ಲವೆಂದಲ್ಲ. ವೋಲ್ಟೇಜ್ ಶೇ 15ಕ್ಕೆ ಕುಸಿದರೂ ಸ್ಥಾವರಗಳು 300 ಮಿಲಿಸೆಕೆಂಡು ಜಾಲ ಬಿಡಬಾರದು ಎಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಮಾನದಂಡ ಹೇಳುತ್ತದೆ. ಕಾಗದದ ಪ್ರಮಾಣಪತ್ರಕ್ಕೂ ಪಾವಗಡದ ಬಿಸಿಲಲ್ಲಿ ಕುಳಿತ ಇನ್ವರ್ಟರ್‌ನ ನಿಜವಾದ ಸೆಟ್ಟಿಂಗ್‌ಗೂ ತಾಳೆಯಿದೆಯೇ ಎಂದು ಸ್ಥಳಕ್ಕೆ ಹೋಗಿ ನೋಡಬೇಕು. ಕುಸುಮ್ ಘಟಕ ಸೇರುವ ಪ್ರತಿ ಫೀಡರ್‌ಗೂ ರಿಲೇ ಹೊಂದಾಣಿಕೆಯ ಲೆಕ್ಕ ಹೊಸದಾಗಿ ಆಗಬೇಕು. ಸ್ಥಾವರಕ್ಕೆ ಸುರಿಯುವ ಹಣದ ಮುಂದೆ ಈ ತಪಾಸಣೆ, ಲೆಕ್ಕಗಳ ಖರ್ಚು ತೀರಾ ಅಲ್ಪ. ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಖರೀದಿ ಒಪ್ಪಂದಗಳಿಗೆ ಒಪ್ಪಿಗೆ ಕೊಡುವಾಗಲೇ ಈ ಲೆಕ್ಕ ಕೇಳಲಿ. ದೊಡ್ಡ ಟ್ರಿಪ್ಪಿಂಗ್ ಆದಾಗ ಏನಾಯಿತು, ಯಾವ ಸೆಟ್ಟಿಂಗ್ ತಪ್ಪಿತ್ತು ಎಂಬ ವರದಿಯನ್ನು ಕನ್ನಡದಲ್ಲಿ, ಬಿಲ್ ಕಟ್ಟುವ ಎಲ್ಲರೂ ಓದುವಂತೆ ಪ್ರಕಟಿಸಲಿ.