ಟವರ್ ಹೆಚ್ಚಿದರೂ ಮಾತು ಕಡಿಯುವುದೇಕೆ?

ಚಲಿಸುವ ರೈಲಿನಲ್ಲಿ ಮೊಬೈಲ್ ಮಾತು ಕಡಿದುಹೋದರೆ ‘ಇಲ್ಲಿ ಟವರ್ ಇಲ್ಲ’ ಎಂದು ಗೊಣಗುವುದು ನಮ್ಮ ವಾಡಿಕೆ. ಊರಾಚೆ ಅದು ನಿಜವಿರಬಹುದು. ನಗರದ ನಡುವೆ ಮಾತ್ರ ಕಾರಣ ತದ್ವಿರುದ್ಧವಾಗಿರಲೂಬಹುದು: ಟವರ್‌ಗಳು ಒತ್ತೊತ್ತಾಗಿರುವುದು! ಇದು ಹೇಗೆ?

ಮೊಬೈಲ್ ಜಾಲಕ್ಕೆ ದೊರೆಯುವ ರೇಡಿಯೋ ತರಂಗಗಳು ಸೀಮಿತ. ಆದ್ದರಿಂದ ಊರನ್ನು ಜೇನುಗೂಡಿನ ಕಣ್ಣುಗಳಂತೆ ಕೋಶಗಳಾಗಿ ವಿಂಗಡಿಸಿ, ಒಂದು ಕೋಶದ ತರಂಗಗಳನ್ನೇ ಇನ್ನೊಂದು ಕೋಶದಲ್ಲಿ ಮತ್ತೆ ಬಳಸುತ್ತಾರೆ. ಅಮೆರಿಕದ ಬೆಲ್ ಪ್ರಯೋಗಾಲಯದ ಎಂಜಿನಿಯರುಗಳು ಈ ಉಪಾಯವನ್ನು 1947ರಲ್ಲೇ ಸೂಚಿಸಿದ್ದರು. ಕೋಶದ ತ್ರಿಜ್ಯವನ್ನು ಅರ್ಧಕ್ಕಿಳಿಸಿದರೆ ವಿಸ್ತೀರ್ಣ ಕಾಲುಭಾಗವಾಗುತ್ತದೆ. ಒಂದಿದ್ದ ಕಡೆ ನಾಲ್ಕು ಕೋಶಗಳು ಹಿಡಿಸುತ್ತವೆ. ಸುಮಾರು ನಾಲ್ಕು ಪಟ್ಟು ಜನ ಏಕಕಾಲಕ್ಕೆ ಮಾತನಾಡಬಹುದು. ಜನದಟ್ಟಣೆಯ ನಗರಗಳಲ್ಲಿ ಕೋಶಗಳು ಕಿರಿದಾಗುತ್ತಾ ಬಂದದ್ದು ಇದಕ್ಕಾಗಿಯೇ.

ಕುಳಿತವರಿಗೆ ಇದು ಲಾಭ. ಓಡುವವರಿಗೆ? ಲೆಕ್ಕ ಹಾಕೋಣ. ಗಂಟೆಗೆ 72 ಕಿ.ಮೀ. ಎಂದರೆ ಸೆಕೆಂಡಿಗೆ 20 ಮೀಟರ್. ಈ ವೇಗದ ರೈಲಿಗೆ 2 ಕಿ.ಮೀ. ಅಗಲದ ಕೋಶ ದಾಟಲು 100 ಸೆಕೆಂಡು ಬೇಕು. 200 ಮೀಟರ್ ಅಗಲದ ಕೋಶಕ್ಕೆ 10 ಸೆಕೆಂಡು ಸಾಕು! ಪ್ರತಿ ಗಡಿಯಲ್ಲೂ ಕರೆಯನ್ನು ಒಂದು ಕೋಶದಿಂದ ಇನ್ನೊಂದಕ್ಕೆ ಒಪ್ಪಿಸಬೇಕು. ಇದೇ ‘ಹ್ಯಾಂಡೋವರ್’, ಅಂದರೆ ಹಸ್ತಾಂತರ. ಬೆಲ್ ಪ್ರಯೋಗಾಲಯದವರೇ ಆದ ಅಮೋಸ್ ಜೋಯೆಲ್ ಇದಕ್ಕೆ ರೂಪಿಸಿದ ವ್ಯವಸ್ಥೆಗೆ 1972ರಲ್ಲಿ ಪೇಟೆಂಟ್ ದೊರೆಯಿತು.

ಫೋನು ನೆರೆಯ ಟವರ್‌ಗಳ ಸಂಕೇತದ ಬಲವನ್ನು ಅಳೆದು ವರದಿ ಕಳಿಸುತ್ತದೆ. ಯಾವಾಗ ದಾಟಿಸಬೇಕೆಂಬುದನ್ನು ಜಾಲ ತೀರ್ಮಾನಿಸುತ್ತದೆ. ಇಕ್ಕಟ್ಟು ಇರುವುದು ಇಲ್ಲೇ. ಹೊಸ ಟವರ್ ತುಸು ಬಲವಾದೊಡನೆ ದಾಟಿಸಿದರೆ, ಮರುಕ್ಷಣ ಹಳೆಯದೇ ಬಲವಾಗಿ, ಕರೆ ಚೆಂಡಿನಂತೆ ಅತ್ತಿತ್ತ ಪುಟಿಯುತ್ತದೆ. ಆದ್ದರಿಂದ ಹೊಸ ಸಂಕೇತ ಹಳೆಯದಕ್ಕಿಂತ ನಿಗದಿತ ಅಂತರದಷ್ಟು ಹೆಚ್ಚಿರಬೇಕು. ಉದಾಹರಣೆಗೆ 3 ಡೆಸಿಬಲ್, ಎಂದರೆ ಸುಮಾರು ಎರಡು ಪಟ್ಟು. ಸ್ವಲ್ಪ ಹೊತ್ತು ಹಾಗೆಯೇ ಉಳಿಯಲೂ ಬೇಕು. ಆದರೆ ಜಾಲ ಕಾಯುತ್ತದೆಂದು ರೈಲು ನಿಲ್ಲುತ್ತದೆಯೇ? ಅಷ್ಟರಲ್ಲಿ ಹಳೆಯ ಸಂಕೇತ ಕ್ಷೀಣಿಸಿ ಕರೆಯೇ ಕಡಿಯಬಹುದು. ಹರಟೆಯಾದರೆ ಮತ್ತೆ ಕರೆ ಮಾಡಿದರಾಯಿತು. ಆಂಬುಲೆನ್ಸಿನಲ್ಲಿ ಕುಳಿತು ವೈದ್ಯರ ಸಲಹೆ ಕೇಳುತ್ತಿರುವವರಿಗೆ ಆ ಕೆಲವು ಸೆಕೆಂಡುಗಳ ಬೆಲೆ ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ.

ಕಿರುಕೋಶಗಳ ಮೇಲೆ ಕೊಡೆ ಹಿಡಿದಂತೆ ಒಂದು ದೊಡ್ಡ ಕೋಶವನ್ನು ಇಡುವುದು ಇದಕ್ಕೊಂದು ಪರಿಹಾರ. ವೇಗವಾಗಿ ಸಾಗುವವರನ್ನು ದೊಡ್ಡ ಕೋಶ ನೋಡಿಕೊಳ್ಳುತ್ತದೆ. ನಿಂತವರನ್ನೂ ನಡೆಯುವವರನ್ನೂ ಕಿರುಕೋಶ. ಹೊಸ ಬಗೆಯ ಜಾಲಗಳಲ್ಲಿ ಫೋನು ಎರಡರ ಕೈಯನ್ನೂ ಒಟ್ಟಿಗೇ ಹಿಡಿಯಬಲ್ಲದು: ನಿಯಂತ್ರಣದ ಸಂದೇಶ ದೊಡ್ಡದರ ಮೂಲಕ, ಹೆಚ್ಚಿನ ಮಾಹಿತಿ ಕಿರಿದರ ಮೂಲಕ. ಕಿರುಕೋಶ ಕೈತಪ್ಪಿದರೂ ಸಂಪರ್ಕ ಉಳಿಯುತ್ತದೆ.

ವಿದ್ಯಾರ್ಥಿಗಳೇ, ಗಂಟೆಗೆ 5 ಕಿ.ಮೀ. ವೇಗದಲ್ಲಿ ನಡೆಯುವವರಿಗೆ ಅದೇ 200 ಮೀಟರ್ ಕೋಶ ದಾಟಲು ಎಷ್ಟು ಸೆಕೆಂಡು ಬೇಕು? ಲೆಕ್ಕ ಮಾಡಿ ನೋಡಿ. ಕೊಡೆ ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದು ತಾನಾಗಿ ತಿಳಿಯುತ್ತದೆ.